ಬಾಡಿಗೆಗೆ ಕೋಣೆ ಸಿಗದ ಡಾಕ್ಟರಮ್ಮ

ಯಾವ ತಾಲ್ಲೂಕು ಆಸ್ಪತ್ರೆಗೆ ಬೇಕಾದರೂ ಬೆಳಿಗ್ಗೆ ಹೊತ್ತು ಹೋಗಿ ನೋಡಿ. ಚೀಟಿ ಕೊಡುವ ಕಿಟಕಿಯ ಮುಂದೆ ನಿಂತ ಹೆಂಗಸರು ಮೊದಲು ವಿಚಾರಿಸುವುದು ಒಂದೇ ವಿಷಯ. ಲೇಡಿ ಡಾಕ್ಟರು ಬಂದಿದ್ದಾರೋ, ಇಲ್ಲವೋ? ಬಂದಿದ್ದರೆ ಸರಿ, ಸಾಲಿನಲ್ಲಿ ನಿಲ್ಲುತ್ತಾರೆ. ಬಂದಿಲ್ಲವೆಂದರೆ ಕೆಲವರು ಕಾಯಿಲೆಯನ್ನು ಸೆರಗಿನಲ್ಲಿ ಕಟ್ಟಿಕೊಂಡೇ ವಾಪಸ್ ಬಸ್ಸು ಹತ್ತುತ್ತಾರೆ. ಹೇಳಿಕೊಳ್ಳುವುದಕ್ಕೆ ನಾಚಿಕೆ. ಹೇಳದೇ ಇದ್ದರೆ ನೋವು. ಎರಡರ ನಡುವೆ ಸಿಕ್ಕಿಕೊಂಡು ನವೆದವರು ಎಷ್ಟು ಮಂದಿಯೋ!

ಇವತ್ತು ಲೇಡಿ ಡಾಕ್ಟರು ಎಂದರೆ ಮರ್ಯಾದೆಯ ಮಾತು. ಆದರೆ ಸುಮಾರು 170 ವರ್ಷದ ಹಿಂದೆ ಅಮೆರಿಕಾದ ನ್ಯೂಯಾರ್ಕ್ ಪಟ್ಟಣದಲ್ಲಿ ಇದೇ ಮಾತು ಹೆಚ್ಚುಕಡಿಮೆ ಬೈಗುಳವಾಗಿತ್ತು. ಹೆಣ್ಣು ಡಾಕ್ಟರು ಅಂತ ಬೋರ್ಡು ಹಾಕಿಕೊಂಡವರಿಗೆ ಮನೆ ಬಾಡಿಗೆಗೆ ಕೊಡುವವರೇ ಇರಲಿಲ್ಲ. ಆ ಕಾಲದಲ್ಲಿ, ಒಂದು ಕೊಳೆಗೇರಿಯ ಪಕ್ಕ ಒಂದೇ ಒಂದು ಕೋಣೆ ಹಿಡಿದು, ವಾರಕ್ಕೆ ಮೂರು ಮಧ್ಯಾಹ್ನ ಬಾಗಿಲು ತೆರೆದು ಕೂತ ಹೆಂಗಸಿನ ಕಥೆ ಇದು. ಹೆಸರು ಎಲಿಜಬೆತ್ ಬ್ಲಾಕ್‌ವೆಲ್.

ಸಕ್ಕರೆ ವ್ಯಾಪಾರಿಯ ಮಗಳು

ಹುಟ್ಟಿದ್ದು ಇಂಗ್ಲೆಂಡಿನ ಬ್ರಿಸ್ಟಲ್ ಪಟ್ಟಣದಲ್ಲಿ, 1821ರ ಫೆಬ್ರವರಿ 3ರಂದು. ತಂದೆ ಸ್ಯಾಮ್ಯುಯೆಲ್ ಬ್ಲಾಕ್‌ವೆಲ್‌ಗೆ ಸಕ್ಕರೆ ಶುದ್ಧಿ ಮಾಡುವ ಕಾರ್ಖಾನೆ. ಮನೆ ತುಂಬ ಮಕ್ಕಳು. ಗಂಡುಮಕ್ಕಳಿಗೆ ಯಾವ ಪಾಠವೋ ಹೆಣ್ಣುಮಕ್ಕಳಿಗೂ ಅದೇ ಪಾಠ ಎನ್ನುವುದು ಆ ತಂದೆಯ ಹಟ. ವ್ಯಾಪಾರ ಕೆಟ್ಟಿತು. 1832ರಲ್ಲಿ ಇಡೀ ಸಂಸಾರ ಹಡಗು ಹತ್ತಿ ನ್ಯೂಯಾರ್ಕಿಗೆ ಬಂತು. ಅಲ್ಲೂ ಕೈ ಹತ್ತಲಿಲ್ಲ. 1838ರಲ್ಲಿ ಸಿನ್ಸಿನಾಟಿ ಎಂಬ ಊರಿಗೆ ಹೋದರು. ಹೋಗಿ ಕೆಲವೇ ವಾರಗಳಲ್ಲಿ ತಂದೆ ಕಣ್ಣು ಮುಚ್ಚಿದರು. ಗೊತ್ತಿಲ್ಲದ ಊರು, ಕೈಯಲ್ಲಿ ಕಾಸಿಲ್ಲ, ಊಟಕ್ಕೆ ಬಾಯಿಗಳು ಬಹಳ. ಹಿರಿಯ ಹೆಣ್ಣುಮಕ್ಕಳು ಮನೆಯಲ್ಲೇ ಸ್ಕೂಲು ತೆರೆದರು. ಹದಿನೇಳರ ಎಲಿಜಬೆತ್ ಟೀಚರಮ್ಮ ಆದಳು.

ಡಾಕ್ಟರಾಗಬೇಕು ಅಂತ ಈಕೆಗೆ ಚಿಕ್ಕಂದಿನಿಂದ ಆಸೆ ಇತ್ತು ಅಂದುಕೊಳ್ಳಬೇಡಿ. ತದ್ವಿರುದ್ಧ. ಶರೀರದ ವಿಷಯವೆಂದರೇ ಹೇಸಿಗೆ. ಸ್ಕೂಲಿನಲ್ಲಿ ಒಮ್ಮೆ ಪಾಠಕ್ಕೆಂದು ಎತ್ತಿನ ಕಣ್ಣು ತಂದು ತೋರಿಸಿದಾಗ ನೋಡಲಾರದೆ ಮುಖ ತಿರುಗಿಸಿದ್ದವಳು. ಆದರೆ ಪರಿಚಯದ ಹೆಂಗಸೊಬ್ಬರು ಸಾಯುವ ಕಾಯಿಲೆಯಲ್ಲಿ ಮಲಗಿದ್ದರು. ಕಾಯಿಲೆ ಬಂದದ್ದು ಹೇಳಿಕೊಳ್ಳಲಾಗದ ಜಾಗಕ್ಕೆ. ಹೆಂಗಸೊಬ್ಬಳು ಡಾಕ್ಟರಾಗಿ ಬಂದಿದ್ದರೆ ಅರ್ಧ ಸಂಕಟ ತಪ್ಪುತ್ತಿತ್ತು, ನೀನೇ ಯಾಕೆ ಓದಬಾರದು ಅಂತ ಆಕೆ ಕೇಳಿಬಿಟ್ಟರು. ಆ ಪ್ರಶ್ನೆ ಎಲಿಜಬೆತ್‌ಳ ತಲೆಯಿಂದ ಇಳಿಯಲೇ ಇಲ್ಲ.

ತಮಾಷೆಗೆ ಸಿಕ್ಕ ಸೀಟು

ಟೀಚರ್ ಕೆಲಸ ಮಾಡುತ್ತಾ ದುಡ್ಡು ಕೂಡಿಟ್ಟಳು. ವೈದ್ಯರ ಮನೆಗಳಲ್ಲಿದ್ದುಕೊಂಡು ಅವರ ಪುಸ್ತಕ ಓದಿದಳು. ಆಮೇಲೆ ಅರ್ಜಿ ಹಾಕಲು ಶುರು. 20ಕ್ಕೂ ಹೆಚ್ಚು ಮೆಡಿಕಲ್ ಕಾಲೇಜುಗಳು ಆಗುವುದಿಲ್ಲ ಎಂದವು. ಗಂಡಸಿನ ವೇಷ ಹಾಕಿಕೊಂಡು ಪ್ಯಾರಿಸ್ಸಿಗೆ ಹೋಗಿ ಓದು ಅಂತ ಬುದ್ಧಿ ಹೇಳಿದವರೂ ಉಂಟು. ಬೇಡ, ಹೆಣ್ಣಾಗಿಯೇ ಓದುತ್ತೇನೆ ಎಂದಳು.

ಕೊನೆಗೆ ನ್ಯೂಯಾರ್ಕ್ ರಾಜ್ಯದ ಜಿನೀವಾ ಎಂಬ ಸಣ್ಣ ಊರಿನ ಕಾಲೇಜಿಗೆ ಅರ್ಜಿ ಹೋಯಿತು. ಅಲ್ಲಿನ ಮೇಷ್ಟರುಗಳು ಜಾಣರು. ಇಲ್ಲ ಎಂದು ತಾವು ಹೇಳಿ ಕೆಟ್ಟವರಾಗುವುದು ಯಾಕೆ ಅಂತ ವಿದ್ಯಾರ್ಥಿಗಳ ತಲೆಗೆ ಕಟ್ಟಿದರು. ಒಬ್ಬನೇ ಒಬ್ಬ ಬೇಡ ಅಂದರೂ ಸೀಟಿಲ್ಲ ಎಂಬ ಷರತ್ತು. ಹುಡುಗರು ಇದನ್ನು ಯಾರೋ ಮಾಡಿದ ತಮಾಷೆ ಅಂದುಕೊಂಡರು. ಕೂಗಾಡಿ, ನಕ್ಕು, ಒಬ್ಬರೂ ಬಿಡದೆ ಒಪ್ಪಿಗೆ ಕೊಟ್ಟುಬಿಟ್ಟರು! 1847ರ ನವೆಂಬರಿನಲ್ಲಿ ನಿಜವಾಗಿಯೂ ಒಬ್ಬ ಹುಡುಗಿ ಬಂದು ಬೆಂಚಿನ ಮೇಲೆ ಕೂತಾಗ ಕ್ಲಾಸಿಗೆ ಕ್ಲಾಸೇ ಗಪ್‌ಚಿಪ್.

ಊರಿನ ಹೆಂಗಸರು ಈಕೆಯನ್ನು ಬೀದಿಯಲ್ಲಿ ಕಂಡರೆ ವಿಚಿತ್ರ ಪ್ರಾಣಿಯನ್ನು ನೋಡಿದ ಹಾಗೆ ನಿಂತು ನೋಡುತ್ತಿದ್ದರು. ಅಂಗರಚನೆಯ ಮೇಷ್ಟರು ಕೆಲವು ಪಾಠಗಳಿಗೆ ಬರಬೇಡಮ್ಮಾ ಎಂದರು. ಈಕೆ ಕಾಗದ ಬರೆದು ಒಪ್ಪಿಸಿ, ಬಂದೇ ಕೂತಳು. 1849ರ ಜನವರಿ 23ರಂದು ಡಿಗ್ರಿ ಕೈಗೆ ಬಂತು. ಕ್ಲಾಸಿಗೆ ಮೊದಲನೆಯವಳು. ಅಮೆರಿಕಾದಲ್ಲಿ ವೈದ್ಯಕೀಯ ಪದವಿ ಪಡೆದ ಮೊದಲ ಹೆಂಗಸು. ಆದರೆ ತೆರೆದ ಬಾಗಿಲು ಹಾಗೇ ತೆರೆದಿರಲಿಲ್ಲ. ಆಮೇಲೆ ಈಕೆಯ ತಂಗಿ ಎಮಿಲಿ ಅರ್ಜಿ ಹಾಕಿದಾಗ ಅದೇ ಕಾಲೇಜು ಸೀಟಿಲ್ಲ ಎಂದಿತು.

ಹೋದ ಕಣ್ಣು

ಹೆಚ್ಚಿನ ತರಬೇತಿಗೆ ಎಲಿಜಬೆತ್ ಪ್ಯಾರಿಸ್ಸಿಗೆ ಹೋದಳು. ಆಸೆ ಇದ್ದದ್ದು ದೊಡ್ಡ ಸರ್ಜನ್ ಆಗಬೇಕೆಂದು. ಡಿಗ್ರಿ ಇದ್ದರೂ ಯಾರೂ ಸೇರಿಸಲಿಲ್ಲ. ಕೊನೆಗೆ ಲಾ ಮೆಟರ್ನಿಟೆ ಎಂಬ ಹೆರಿಗೆ ಆಸ್ಪತ್ರೆಯಲ್ಲಿ ಸೂಲಗಿತ್ತಿ ಕೆಲಸ ಕಲಿಯುವ ಹುಡುಗಿಯರ ಜೊತೆ ಸೇರಿಕೊಂಡಳು. 1849ರ ನವೆಂಬರ್ 4. ಕಣ್ಣಿಗೆ ಕೀವು ಕಟ್ಟಿದ ಒಂದು ಹಸುಗೂಸಿನ ಕಣ್ಣು ತೊಳೆಯುತ್ತಿದ್ದಾಗ ಆ ನೀರು ಸಿಡಿದು ಈಕೆಯ ಕಣ್ಣಿಗೆ ಬಿತ್ತು. ವಾರಗಟ್ಟಲೆ ಕತ್ತಲಲ್ಲಿ ಮಲಗಿದ್ದಾಯಿತು. ಎಡಗಣ್ಣು ಉಳಿಯಲಿಲ್ಲ. ಮರುವರ್ಷ ಅದನ್ನು ತೆಗೆದು ಗಾಜಿನ ಕಣ್ಣು ಇಡಬೇಕಾಯಿತು. ಸರ್ಜನ್ ಆಗುವ ಕನಸು ಅಲ್ಲಿಗೆ ಮುಗಿಯಿತು. ಎತ್ತಿನ ಕಣ್ಣು ನೋಡಲಾರದ ಹುಡುಗಿ ತನ್ನ ಕಣ್ಣನ್ನೇ ಕಳೆದುಕೊಂಡಳು. ಕೆಲಸ ಮಾತ್ರ ಬಿಡಲಿಲ್ಲ. ಲಂಡನ್ನಿನ ಸೇಂಟ್ ಬಾರ್ತಲೋಮ್ಯು ಆಸ್ಪತ್ರೆಯಲ್ಲಿ ಮತ್ತೆ ಕಲಿಯಲು ನಿಂತಳು. ಆಗಲೇ ಫ್ಲಾರೆನ್ಸ್ ನೈಟಿಂಗೇಲ್ ಪರಿಚಯವಾದದ್ದು. ಔಷಧಿಗಿಂತ ಮೊದಲು ಗಾಳಿ, ಬೆಳಕು, ಶುಚಿ ಎಂಬ ಮಾತು ಇಬ್ಬರಿಗೂ ಒಪ್ಪಿಗೆಯಾಗಿತ್ತು.

ಬೋರ್ಡು ಕಂಡರೆ ಬಾಗಿಲು ಬಂದ್

1851ರಲ್ಲಿ ನ್ಯೂಯಾರ್ಕಿಗೆ ಹಿಂತಿರುಗಿ ಬಂದು ಪ್ರಾಕ್ಟೀಸ್ ಶುರು ಮಾಡಲು ನೋಡಿದರೆ ಮನೆಯೇ ಸಿಗಲಿಲ್ಲ. ಅದಕ್ಕೂ ಕಾರಣ ಇತ್ತು. ಆಗ ನ್ಯೂಯಾರ್ಕಿನ ಪೇಪರುಗಳಲ್ಲಿ ಹೆಣ್ಣು ಡಾಕ್ಟರು ಅಂತ ಜಾಹೀರಾತು ಕೊಡುತ್ತಿದ್ದವರು ಗುಟ್ಟಾಗಿ ಗರ್ಭ ತೆಗೆಸುವ ಹೆಂಗಸರು. ಮೇಡಂ ರೆಸ್ಟೆಲ್ ಎಂಬಾಕೆ ಅದರಲ್ಲಿ ಊರಿಗೇ ಹೆಸರಾಗಿದ್ದಳು. ಮನೆ ಮಾಲೀಕರಿಗೆ ಇವರಿಗೂ ಅವರಿಗೂ ವ್ಯತ್ಯಾಸ ತಿಳಿಯಲಿಲ್ಲ. ಅಂತೂ ದುಬಾರಿ ಬಾಡಿಗೆಗೆ ಜಾಗ ಸಿಕ್ಕಿತು. ರೋಗಿಗಳೇ ಇಲ್ಲ. ಅಂಚೆಯಲ್ಲಿ ಹೆಸರಿಲ್ಲದ ಹೊಲಸು ಕಾಗದಗಳು. ರಾತ್ರಿ ರೋಗಿ ನೋಡಲು ಹೊರಟರೆ ಬೀದಿಯಲ್ಲಿ ಪೋಲಿಗಳ ಮಾತು.

ಊರಿನ ಒಂದು ಧರ್ಮ ಔಷಧಾಲಯದಲ್ಲಿ ಹೆಂಗಸರ ವಿಭಾಗಕ್ಕೆ ತನ್ನನ್ನು ಸೇರಿಸಿಕೊಳ್ಳಿ ಎಂದು ಕೇಳಿದಳು. ಆಗುವುದಿಲ್ಲ, ಬೇಕಾದರೆ ನೀವೇ ಒಂದು ತೆಗೆಯಿರಿ ಎಂಬ ಉತ್ತರ ಬಂತು. ಹೇಳಿದವರು ಸಾಗಹಾಕಲು ಹೇಳಿದ್ದು. ಈಕೆ ಅದನ್ನು ನಿಜವೆಂದೇ ಹಿಡಿದುಕೊಂಡಳು.

1852ರಲ್ಲಿ ಹೆಣ್ಣುಮಕ್ಕಳ ಆರೋಗ್ಯದ ಮೇಲೆ ಉಪನ್ಯಾಸ ಕೊಟ್ಟಳು. ಕ್ವೇಕರ್ ಪಂಥದ ಕೆಲವು ಹೆಂಗಸರು ಬಂದು ಕೇಳಿದರು. ಮಾತು ಹಿಡಿಸಿತು. ಮೊದಲ ರೋಗಿಗಳು ಅವರ ಮನೆಗಳಿಂದ ಬಂದರು. ಮೊದಲ ಚಂದಾ ಹಣವೂ ಅಲ್ಲಿಂದಲೇ ಬಂತು.

ಒಂದು ಕೋಣೆ, ಮೂರು ಮಧ್ಯಾಹ್ನ

1853. ಟಾಂಪ್ಕಿನ್ಸ್ ಚೌಕದ ಹತ್ತಿರ ಒಂದು ಕೋಣೆ ಬಾಡಿಗೆಗೆ ಹಿಡಿದಾಯಿತು. ಆ ಜಾಗ ಬೇಕೆಂದೇ ಆರಿಸಿದ್ದು. ಊರಿನ 11ನೇ ವಾರ್ಡು ಅದು. ಜರ್ಮನಿಯಿಂದ ಹೊಟ್ಟೆಪಾಡಿಗೆ ಬಂದ ಜನ ಕಿಕ್ಕಿರಿದಿದ್ದ ಪ್ರದೇಶ. ಒಂದೊಂದು ಕಟ್ಟಡದಲ್ಲಿ ಹತ್ತಾರು ಸಂಸಾರ. ಗಾಳಿ ಬಾರದ ಕೋಣೆಗಳು, ತುಂಬಿ ತುಳುಕುವ ಕಕ್ಕಸು. ಇಷ್ಟು ಜನ ಇರುವ ಕಡೆ ಬಡವರಿಗೆ ಧರ್ಮಕ್ಕೆ ಔಷಧಿ ಕೊಡುವ ಒಂದು ಜಾಗವೂ ಇರಲಿಲ್ಲ.

ಸೋಮವಾರ, ಬುಧವಾರ, ಶುಕ್ರವಾರ ಮಧ್ಯಾಹ್ನ 3 ಗಂಟೆಗೆ ಬಾಗಿಲು ತೆರೆಯುತ್ತಿತ್ತು. ನೋಡಿ ಔಷಧಿ ಕೊಡುವುದಕ್ಕೆ ಕಾಸಿಲ್ಲ. ಡಾಕ್ಟರಿಗೆ ಸಂಬಳವಿಲ್ಲ. ಬಾಡಿಗೆ, ಔಷಧಿ ಎಲ್ಲ ಸ್ನೇಹಿತರ ಚಂದಾದಿಂದ. ಬರೀ ಔಷಧಿಯಲ್ಲ, ಮಗುವನ್ನು ಹೇಗೆ ತೊಳೆಯಬೇಕು, ಕಿಟಕಿ ಯಾಕೆ ತೆರೆದಿಡಬೇಕು, ಬಾಣಂತಿಗೆ ಏನು ಕೊಡಬೇಕು ಎನ್ನುವುದನ್ನೂ ಕೂರಿಸಿಕೊಂಡು ಹೇಳುವುದು. ಕೆಲಸಕ್ಕೆ ದಾರಿ ಇಲ್ಲದವರಿಗೆ ದಾರಿ ತೋರಿಸುವುದು.

ಮೊದಲ ವರ್ಷದ ಲೆಕ್ಕ ಕೇಳಿ. ಇಡೀ ವರ್ಷಕ್ಕೆ ಬಂದ ಹೆಂಗಸರು 200ಕ್ಕೆ ಸ್ವಲ್ಪ ಮೇಲೆ. ವಾರಕ್ಕೆ 3 ದಿನದ ಹಾಗೆ ವರ್ಷಕ್ಕೆ 150ರ ಆಸುಪಾಸು ಮಧ್ಯಾಹ್ನಗಳು. ಅಂದರೆ ಒಂದು ಮಧ್ಯಾಹ್ನಕ್ಕೆ ಹೊಸ ಮುಖ ಒಂದು, ಹೆಚ್ಚೆಂದರೆ ಎರಡು. ಅಂಗಡಿ ಇಟ್ಟವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಇಂಥ ಗಿರಾಕಿಗೆ ಮೂರು ತಿಂಗಳಲ್ಲಿ ಶಟರ್ ಎಳೆಯುವವರೇ ಹೆಚ್ಚು. ಧರ್ಮಕ್ಕೆ ಕೊಟ್ಟರೂ ಜನ ಬರುವುದಿಲ್ಲ. ನಂಬಿಕೆ ಬಂದ ಮೇಲೆ ಬರುತ್ತಾರೆ. ನಂಬಿಕೆ ಬರುವುದು ನಿಧಾನ. ಅಲ್ಲಿಯವರೆಗೆ ಬಾಗಿಲು ಹೇಳಿದ ಹೊತ್ತಿಗೆ ತೆರೆಯುತ್ತಿರಬೇಕು. ಎಲಿಜಬೆತ್ ಮಾಡಿದ್ದು ಇದಿಷ್ಟೇ, ತೆರೆಯುತ್ತಲೇ ಇದ್ದಳು.

ಈ ಮಧ್ಯೆ ಸಾಲ ಮಾಡಿ 15ನೇ ಬೀದಿಯಲ್ಲಿ ಒಂದು ಮನೆ ಕೊಂಡಳು. ಸಾಲ ತೀರಬೇಕಲ್ಲ, ಮನೆಯ ಬಹುಭಾಗ ಬಾಡಿಗೆಗೆ ಕೊಟ್ಟು ತಾನು ಅಟ್ಟದ ಕೋಣೆ ಸೇರಿದಳು. 1854ರಲ್ಲಿ ರ‍್ಯಾಂಡಲ್ಸ್ ದ್ವೀಪದ ಅನಾಥಾಲಯದಿಂದ ಏಳು ವರ್ಷದ ಐರಿಷ್ ಹುಡುಗಿ ಕಿಟ್ಟಿ ಬ್ಯಾರಿಯನ್ನು ಮನೆಗೆ ಕರೆತಂದಳು. ಕಿಟ್ಟಿ ಈಕೆಯನ್ನು ಕರೆಯುತ್ತಿದ್ದದ್ದು ಡಾಕ್ಟರ್ ಎಂದೇ. ಒಂದು ದಿನ ಗಂಡಸು ಡಾಕ್ಟರೊಬ್ಬರು ಮನೆಗೆ ಬಂದು ಹೋದರು. ಗಂಡಸನ್ನೂ ಡಾಕ್ಟರ್ ಅಂತ ಕರೆಯುತ್ತಾರೆಯೇ ಎಂದು ಆ ಮಗುವಿಗೆ ಆಶ್ಚರ್ಯವೋ ಆಶ್ಚರ್ಯ! ಊರೆಲ್ಲ ಒಂದು ಬಗೆ ಯೋಚಿಸುತ್ತಿದ್ದಾಗ ಆ ಒಂದು ಮನೆಯೊಳಗೆ ಲೋಕ ಆಗಲೇ ತಲೆಕೆಳಗಾಗಿತ್ತು.

ಇಬ್ಬರು ಹೆಗಲು ಕೊಟ್ಟರು

ಒಬ್ಬಳಿಂದ ಆಗುವ ಕೆಲಸವಾಗಿರಲಿಲ್ಲ. ತಂಗಿ ಎಮಿಲಿ ಕ್ಲೀವ್‌ಲ್ಯಾಂಡಿನಲ್ಲಿ ಡಾಕ್ಟರಾಗಿ, ಯೂರೋಪಿನಲ್ಲಿ ಸರ್ಜರಿ ಕಲಿತು 1856ರಲ್ಲಿ ಬಂದಳು. ಇನ್ನೊಬ್ಬಾಕೆ ಮೇರಿ ಜಾಕ್ರ್‌ಜೆವ್ಸ್ಕಾ. ಬರ್ಲಿನ್ನಿನಲ್ಲಿ ಸೂಲಗಿತ್ತಿಯರಿಗೆ ಪಾಠ ಹೇಳುತ್ತಿದ್ದವಳು. ಅಮೆರಿಕಾಕ್ಕೆ ಬಂದ ಮೇಲೆ ಇಂಗ್ಲಿಷ್ ಬಾರದೆ, ಉಣ್ಣೆಯ ಹೆಣಿಗೆ ಸಾಮಾನು ಮಾಡಿ ಮಾರಿ ಬದುಕುತ್ತಿದ್ದಳು. ಎಲಿಜಬೆತ್ ಆಕೆಗೆ ಇಂಗ್ಲಿಷ್ ಕಲಿಸಿ, ಮೆಡಿಕಲ್ ಕಾಲೇಜಿಗೆ ಕಳಿಸಿದಳು. ಆಕೆಯೂ 1856ರಲ್ಲಿ ಡಿಗ್ರಿ ತೆಗೆದುಕೊಂಡು ಬಂದಳು.

ಈಗ ಮೂವರೂ ಸೇರಿ ಹಾಸಿಗೆಗಳಿರುವ ಆಸ್ಪತ್ರೆಯನ್ನೇ ಮಾಡೋಣ ಎಂದು ಹೊರಟರು. ಊರಿನ ದೊಡ್ಡವರು ಕೈ ಆಡಿಸಿದರು. ಇದಕ್ಕೆ ಯಾರೂ ಮನೆ ಕೊಡುವುದಿಲ್ಲ ಎಂದರು. ಪೊಲೀಸರು ಸಂಶಯಪಡುತ್ತಾರೆ ಎಂದರು. ಹೆಂಗಸರು ಬರೆದ ಮರಣದ ಸರ್ಟಿಫಿಕೇಟು ನಡೆಯುವುದಿಲ್ಲ ಎಂದರು. ಗಂಡಸರಿಲ್ಲದೆ ರೋಗಿಗಳನ್ನು ಹದ್ದುಬಸ್ತಿನಲ್ಲಿ ಇಡಲಾಗುವುದಿಲ್ಲ ಎಂದರು. ಹಣವಂತೂ ಹುಟ್ಟುವುದೇ ಇಲ್ಲ ಎಂದರು. ಒಂದೊಂದಕ್ಕೂ ಇವರಲ್ಲಿ ಉತ್ತರವಿರಲಿಲ್ಲ. ಆದರೂ ಹೊರಟರು. ಎಲಿಜಬೆತ್ ಮನೆಯಲ್ಲಿ ಹೆಂಗಸರು ಸೇರಿ ಹೊಲಿಗೆ ಹಾಕಿದರು. ಹೊಲಿದದ್ದನ್ನು ಸಂತೆ ಮಾಡಿ ಮಾರಿದರು. ಮೇರಿ ಬಾಸ್ಟನ್, ಫಿಲಡೆಲ್ಫಿಯಾಗಳಿಗೆ ಹೋಗಿ ಮನೆಮನೆ ಹತ್ತಿ ಚಂದಾ ತಂದಳು. ಟ್ರಿಬ್ಯೂನ್ ಪತ್ರಿಕೆಯ ಹೊರೇಸ್ ಗ್ರೀಲಿಯಂಥ ಪತ್ರಕರ್ತರು ಬೆನ್ನಿಗೆ ನಿಂತರು.

1857ರ ಮೇ 12ರಂದು, ನೈಟಿಂಗೇಲ್ ಹುಟ್ಟಿದ ದಿನವೇ, ಬ್ಲೀಕರ್ ಬೀದಿಯ 64ನೇ ನಂಬರಿನ ಹಳೇ ಮನೆಯಲ್ಲಿ ಬಡ ಹೆಂಗಸರು ಮತ್ತು ಮಕ್ಕಳ ಆಸ್ಪತ್ರೆ ತೆರೆಯಿತು. ನಡೆಸುವವರು, ನೋಡುವವರು, ಆಪರೇಷನ್ ಮಾಡುವವರು ಎಲ್ಲ ಹೆಂಗಸರೇ. ಡಾಕ್ಟರಿಣಿಯರಿಗೆ ಸಂಬಳವಿಲ್ಲ. ಮೇರಿ ಎರಡು ವರ್ಷ ಅಲ್ಲೇ ಇದ್ದು ಪುಕ್ಕಟೆ ದುಡಿದಳು. ಬೆಳಕು ಹರಿಯುವ ಮುಂಚೆ ಎದ್ದು ಮಾರ್ಕೆಟ್ಟಿಗೆ ಹೋಗಿ ಅಗ್ಗಕ್ಕೆ ಸಿಕ್ಕ ಸಾಮಾನು ತರುವುದೂ ಆಕೆಯದೇ ಕೆಲಸ. ಹೆಸರಾಂತ ಗಂಡಸು ವೈದ್ಯರು ಕೆಲವರು ಸಲಹೆಗಾರರಾಗಿ ಧರ್ಮಕ್ಕೇ ಬಂದು ಹೋಗುತ್ತಿದ್ದರು.

ಗುದ್ದಲಿ ಹಿಡಿದು ಬಂದ ಜನ

ಗಂಡಾಂತರವೂ ಬಂತು. ಒಬ್ಬ ಹೆಂಗಸು ಬಾಣಂತಿ ಜ್ವರದಲ್ಲಿ ತೀರಿಕೊಂಡಳು. ಗಂಟೆಯೊಳಗೆ ನೆಂಟರು, ನೆಂಟರ ನೆಂಟರು ಗುದ್ದಲಿ ಸನಿಕೆ ಹಿಡಿದುಕೊಂಡು ಬಾಗಿಲಿಗೆ ಬಂದರು. ಈ ಹೆಂಗಸರು ತಣ್ಣೀರು ಹಾಕಿ ಬಾಣಂತಿಯರನ್ನು ಕೊಲ್ಲುತ್ತಿದ್ದಾರೆ ಎಂದು ಗಲಾಟೆ. ಒಳಗೆ ಹಾಸಿಗೆ ಹಿಡಿದ ರೋಗಿಗಳು, ಹೊರಗೆ ಬೀದಿ ತುಂಬ ಜನ. ಅಂದು ಬಾಗಿಲು ಮುರಿದಿದ್ದರೆ ನಾಲ್ಕು ವರ್ಷದ ಕೆಲಸ ಒಂದು ಸಾಯಂಕಾಲದಲ್ಲಿ ಮಣ್ಣಾಗುತ್ತಿತ್ತು.

ಕಾಪಾಡಿದ್ದು ಯಾರು? ಹತ್ತಿರದ ಬೀಟಿನ ಪೊಲೀಸರು. ಇವರ ಮೇಲೆ ಸಂಶಯಪಡುತ್ತಾರೆ ಎಂದು ದೊಡ್ಡವರು ಹೆದರಿಸಿದ್ದ ಅದೇ ಪೊಲೀಸರು! ದಿನಾ ಆ ಬೀದಿಯಲ್ಲಿ ಓಡಾಡಿ ಈ ಹೆಂಗಸರ ಕೆಲಸ ನೋಡಿದ್ದವರು. ಇಲ್ಲಿನವರು ತಮಗೆ ತಿಳಿದಷ್ಟು ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ, ಯಾರೂ ಸಾಯದ ಹಾಗೆ ಮಾಡುವ ಡಾಕ್ಟರು ಲೋಕದಲ್ಲೇ ಇಲ್ಲ, ಮನೆಗೆ ನಡೆಯಿರಿ ಎಂದು ಜನರನ್ನು ಚದುರಿಸಿದರು. ಜನ ಹೋದರು. ಮಾರನೆಯ ದಿನ ಆಸ್ಪತ್ರೆ ಎಂದಿನಂತೆ ನಡೆಯಿತು.

ಮನೆ ಬಾಗಿಲಿಗೆ ಡಾಕ್ಟರು

ಆಸ್ಪತ್ರೆಗೆ ಬಂದವರನ್ನು ವಾಸಿ ಮಾಡಿ ಅದೇ ಕತ್ತಲೆ ಕೋಣೆಗೆ ಕಳಿಸಿದರೆ ಕಾಯಿಲೆ ಮತ್ತೆ ಬರುತ್ತದೆ ಎನ್ನುವುದು ಎಲಿಜಬೆತ್‌ಗೆ ಮೊದಲಿಂದ ಗೊತ್ತಿತ್ತು. 1860ರ ದಶಕದಲ್ಲಿ ಕೊಳೆಗೇರಿಯ ಮನೆಮನೆಗೆ ಹೋಗಿ ಶುಚಿತ್ವ ಹೇಳಿಕೊಡುವ ಏರ್ಪಾಡು ಮಾಡಿದಳು. ಆ ಕೆಲಸಕ್ಕೆ ನಿಂತವಳು ರೆಬೆಕ್ಕಾ ಕೋಲ್ ಎಂಬ ಕರಿಯ ಜನಾಂಗದ ಯುವ ಡಾಕ್ಟರಿಣಿ. ಗುಲಾಮಗಿರಿ ಕಾನೂನಿನಿಂದ ತೊಲಗಿ ಇನ್ನೂ ಎರಡು ಮೂರು ವರ್ಷವಾಗಿದ್ದ ಕಾಲ. ಆಗ ಕರಿಯ ಹೆಣ್ಣುಮಗಳೊಬ್ಬಳನ್ನು ಡಾಕ್ಟರಾಗಿ ಮನೆಮನೆಗೆ ಕಳಿಸುವುದು ಸಣ್ಣ ಮಾತಾಗಿರಲಿಲ್ಲ.

1868ರಲ್ಲಿ ಆಸ್ಪತ್ರೆಗೆ ಸೇರಿದ ಹಾಗೆ ಹೆಣ್ಣುಮಕ್ಕಳ ಮೆಡಿಕಲ್ ಕಾಲೇಜು ತೆರೆಯಿತು. 1899ರಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯ ಹೆಣ್ಣುಮಕ್ಕಳನ್ನು ಮೆಡಿಕಲ್‌ಗೆ ಸೇರಿಸಿಕೊಳ್ಳತೊಡಗಿದಾಗ ಇನ್ನು ಬೇರೆ ಕಾಲೇಜು ಬೇಡವೆಂದು ಅದನ್ನು ಮುಚ್ಚಿದರು. ಅಷ್ಟರಲ್ಲಿ 360ಕ್ಕೂ ಹೆಚ್ಚು ಡಾಕ್ಟರಿಣಿಯರು ಅಲ್ಲಿಂದ ಹೊರಬಂದಿದ್ದರು.

ತಪ್ಪೂ ಇತ್ತು

ದೇವರ ಪಟದ ಪಕ್ಕ ಇಡುವ ಹಾಗೆ ಎಲ್ಲವೂ ಸರಿಯಿತ್ತು ಅಂತಲ್ಲ. ಆಸ್ಪತ್ರೆಯಲ್ಲಿ ಸಿಡುಬಿನ ದಾಕು ಹಾಕಿಸಿಕೊಂಡ ಒಂದು ಮಗು ತೀರಿಹೋದ ಮೇಲೆ ಎಲಿಜಬೆತ್‌ಗೆ ದಾಕು ಎಂದರೇ ಆಗದಾಯಿತು. ರೋಗಾಣುಗಳಿಂದ ರೋಗ ಬರುತ್ತದೆ ಎಂಬ ಹೊಸ ಶಾಸ್ತ್ರವನ್ನೂ ಕೊನೆಯವರೆಗೆ ಮನಸಾರೆ ಒಪ್ಪಲಿಲ್ಲ. ಕಾಲ ಆಕೆಯ ಈ ಮಾತನ್ನು ಸುಳ್ಳು ಮಾಡಿತು. ಅದೇ ದಾಕಿನಿಂದಲೇ ಸಿಡುಬು ಲೋಕದಿಂದ ಹೋಯಿತು. ಆದರೆ ತೊಳೆ, ಗಾಳಿ ಬಿಡು, ಒಳ್ಳೆ ನೀರು ಕೊಡು ಎಂದು ಆಕೆ ಹೇಳಿದ್ದು ಮಾತ್ರ ಇವತ್ತಿಗೂ ಸುಳ್ಳಾಗಿಲ್ಲ. ಅಕ್ಕತಂಗಿಯರ ನಡುವೆಯೂ ಸದಾ ಒಮ್ಮತವಿರಲಿಲ್ಲ. 1869ರಲ್ಲಿ ಎಲಿಜಬೆತ್ ಎಲ್ಲವನ್ನೂ ಎಮಿಲಿಗೆ ಒಪ್ಪಿಸಿ ಇಂಗ್ಲೆಂಡಿಗೆ ಹೊರಟುಹೋದಳು. ಮುಂದಿನ 30 ವರ್ಷ ದಿನನಿತ್ಯದ ಗಾಣ ಎಳೆದವಳು ಎಮಿಲಿ. ಹೆಸರು ಅಕ್ಕನಿಗೆ ಹೋಯಿತು, ಹೊರೆ ತಂಗಿಗೆ ಬಂತು.

ನಮ್ಮ ದೇಶದವರೆಗೂ ಬಂದ ದಾರಿ

1874ರಲ್ಲಿ ಲಂಡನ್ನಿನಲ್ಲಿ ಹೆಣ್ಣುಮಕ್ಕಳ ವೈದ್ಯಶಾಲೆ ಶುರುವಾಯಿತು. ಅದನ್ನು ಕಟ್ಟಿದವರಲ್ಲಿ ಎಲಿಜಬೆತ್ ಒಬ್ಬಳು, ಸ್ವಲ್ಪ ಕಾಲ ಪಾಠವನ್ನೂ ಹೇಳಿದಳು. ಮುಂದೆ ಅದೇ ಶಾಲೆಗೆ ಬೊಂಬಾಯಿಯ ರುಖ್ಮಾಬಾಯಿ ಹೋದರು. ಬಾಲ್ಯವಿವಾಹದ ಗಂಡನ ಮನೆಗೆ ಹೋಗಲೊಲ್ಲೆ ಎಂದು ಕೋರ್ಟು ಕಟ್ಟೆ ಹತ್ತಿ ದೇಶದಲ್ಲೆಲ್ಲ ಸುದ್ದಿಯಾಗಿದ್ದವರು. 1894ರಲ್ಲಿ ಡಾಕ್ಟರಾಗಿ ಬಂದು ಸೂರತ್ತಿನ ಹೆಂಗಸರ ಆಸ್ಪತ್ರೆಯಲ್ಲಿ ವರ್ಷಾನುಗಟ್ಟಲೆ ದುಡಿದರು. ಟಾಂಪ್ಕಿನ್ಸ್ ಚೌಕದ ಆ ಒಂದು ಕೋಣೆಯಲ್ಲಿ ಹಚ್ಚಿದ ದೀಪದ ಬೆಳಕು ಸುತ್ತಿ ಬಳಸಿ ಗುಜರಾತಿನ ಬಾಣಂತಿಯರಿಗೂ ಮುಟ್ಟಿತು ಎನ್ನಬಹುದು.

1907ರಲ್ಲಿ ಮೆಟ್ಟಿಲಿನಿಂದ ಬಿದ್ದ ಮೇಲೆ ಎಲಿಜಬೆತ್ ಮೊದಲಿನಂತಾಗಲಿಲ್ಲ. 1910ರ ಮೇ 31ರಂದು ಇಂಗ್ಲೆಂಡಿನ ಹೇಸ್ಟಿಂಗ್ಸ್‌ನಲ್ಲಿ, 89ನೇ ವಯಸ್ಸಿನಲ್ಲಿ ತೀರಿಕೊಂಡಳು. ಕೊನೆಯವರೆಗೂ ಜೊತೆಗಿದ್ದವಳು ಅನಾಥಾಲಯದಿಂದ ತಂದ ಕಿಟ್ಟಿಯೇ. ಅಕ್ಕ ಹೋದ ಮೂರು ತಿಂಗಳ ಮೇಲೆ, ಸೆಪ್ಟೆಂಬರಿನಲ್ಲಿ, ತಂಗಿ ಎಮಿಲಿಯೂ ಹೋದಳು. ಅವರು ಕಟ್ಟಿದ ಆಸ್ಪತ್ರೆ ಜಾಗ ಬದಲಾಯಿಸುತ್ತಾ, ಹೆಸರು ಬದಲಾಯಿಸುತ್ತಾ, ಬೇರೆ ಆಸ್ಪತ್ರೆಗಳ ಜೊತೆ ಕೂಡುತ್ತಾ ನ್ಯೂಯಾರ್ಕಿನ ಕೆಳ ಮ್ಯಾನ್‌ಹಟನ್ನಿನಲ್ಲಿ ದೊಡ್ಡ ಆಸ್ಪತ್ರೆಯಾಗಿ ನಿಂತಿದೆ. 1974ರಲ್ಲಿ ಅಮೆರಿಕಾ ಸರ್ಕಾರ ಈಕೆಯ ಚಿತ್ರದ ಅಂಚೆಚೀಟಿ ಹೊರಡಿಸಿತು. ಹೊಲಸು ಕಾಗದ ಹೊತ್ತು ತರುತ್ತಿದ್ದ ಅದೇ ಅಂಚೆಗೆ ಕೊನೆಗೆ ಈಕೆಯ ಮುಖವೇ ಅಂಟಿತು!

ಯಾವ ಊರಿನಲ್ಲಾದರೂ ನಾಲ್ಕು ಜನ ಸೇರಿ ತಮ್ಮ ಬಡಾವಣೆಗೆ ಒಂದು ಧರ್ಮದ ದವಾಖಾನೆ ಮಾಡೋಣ ಎಂದಾಗ ಮೊದಲು ಏಳುವ ಮಾತುಗಳು ಇವತ್ತಿಗೂ ಅವೇ. ಕಟ್ಟಡ ಎಲ್ಲಿ? ದುಡ್ಡು ಎಲ್ಲಿ? ಡಾಕ್ಟರು ಯಾರು ಬರುತ್ತಾರೆ? ಏನಾದರೂ ಹೆಚ್ಚುಕಮ್ಮಿಯಾದರೆ ಯಾರು ಗತಿ? ಎಲ್ಲ ನ್ಯಾಯವಾದ ಪ್ರಶ್ನೆಗಳೇ. ಎಲಿಜಬೆತ್ ಬ್ಲಾಕ್‌ವೆಲ್‌ಗೂ ಇವುಗಳಿಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟೇ: ಸೋಮವಾರ, ಬುಧವಾರ, ಶುಕ್ರವಾರ, ಮಧ್ಯಾಹ್ನ ಮೂರು ಗಂಟೆ.